ಲಾಯದಿಂದ ಬಂದ ಮಾರ್ಷಲ್, ಆಸ್ಥಾನದಿಂದ ಬಂದ ಮಾವುತ

ಕ್ಲಾಸಿನಲ್ಲಿ ಪಾಠ ಹೇಳುವವರನ್ನ ನಾವು 'ಮೇಷ್ಟ್ರು' ಅಂತೀವಿ. ಹೊಸ ಬ್ಲಾಕ್ ಕಟ್ಟುವ ಜಾಗದಲ್ಲಿ ಕರಣೆ ಹಿಡಿದು ನಿಂತವರನ್ನ 'ಮೇಸ್ತ್ರಿ' ಅಂತೀವಿ. ಬಿ.ಇ. ಮುಗಿಸಿ ಇನ್ನೆರಡು ವರ್ಷ ಓದಿದವರ ಕೈಗೆ 'ಮಾಸ್ಟರ್ಸ್' ಡಿಗ್ರಿ ಬರುತ್ತೆ. ಬ್ಯಾಂಕಿನಿಂದ ಪತ್ರ ಬಂದರೆ ಹೆಸರಿಗೆ ಮೊದಲು 'ಮಿಸ್ಟರ್' ಇರುತ್ತೆ. ಈ ನಾಲ್ಕೂ ಒಂದೇ ಪದ ಅಂದ್ರೆ ನಂಬ್ತೀರಾ?

ನಂಬಲೇಬೇಕು. ನಾಲ್ಕರ ಮೂಲವೂ ಲ್ಯಾಟಿನ್ ಭಾಷೆಯ 'ಮ್ಯಾಜಿಸ್ಟರ್'. ಅದರ ಒಳಗಿರೋದು 'ಹೆಚ್ಚು' ಎಂಬ ಅರ್ಥದ 'ಮ್ಯಾಜಿಸ್'. ಅಂದರೆ ಮೇಲಿನವನು, ದೊಡ್ಡವನು. ಪೋರ್ಚುಗೀಸರ ಬಾಯಲ್ಲಿ ಅದು 'ಮೆಸ್ತ್ರೆ' ಆಯಿತು, ಅವರ ಹಡಗಿನ ಜೊತೆ ನಮ್ಮ ಕರಾವಳಿಗೆ ಬಂದು 'ಮೇಸ್ತ್ರಿ' ಆಯಿತು. ಇಂಗ್ಲಿಷರ ಬಾಯಲ್ಲಿ 'ಮಾಸ್ಟರ್' ಆಗಿ, ಅವರ ಶಾಲೆಗಳ ಮೂಲಕ ಹಳ್ಳಿಗೆ ಬಂದು 'ಮೇಷ್ಟ್ರು' ಆಯಿತು. ಇದಕ್ಕೆ ಎದುರಾಗಿ ಲ್ಯಾಟಿನ್‌ನಲ್ಲೇ ಇನ್ನೊಂದು ಪದ ಇತ್ತು, 'ಮಿನಿಸ್ಟರ್'. ಅದರ ಒಳಗಿರೋದು 'ಮೈನಸ್'. ಗಣಿತದ ಅದೇ ಮೈನಸ್, ಕಡಿಮೆ. ಕಡಿಮೆಯವನು, ಸೇವಕ ಅಂತ ಅರ್ಥ. ಈಗ ಲೆಕ್ಕ ಹಾಕಿ: ಪದದ ಪ್ರಕಾರ ಮೇಸ್ತ್ರಿ ದೊಡ್ಡವನು, ಮಿನಿಸ್ಟರ್ ಆಳು. ಬೀದಿಯಲ್ಲಿ ಯಾರಿಗೆ ಯಾರು ಕೈ ಮುಗೀತಾರೆ ಅನ್ನೋದು ನಿಮಗೇ ಗೊತ್ತು.

ಪದಗಳು ಹೀಗೆ ಏಣಿ ಹತ್ತಿ ಇಳಿಯೋದು ಯಾಕೆ? ಈ ಸಂಚಿಕೆಯಲ್ಲಿ ನಾವು ಹುಡುಕಹೊರಟದ್ದು ಅದನ್ನೇ. ಇಡೀ ಕರ್ನಾಟಕ ಸುತ್ತುವ ಬದಲು ಒಂದೇ ಒಂದು ಪೇಟೆಯ ಆಸುಪಾಸನ್ನ ಆರಿಸಿಕೊಂಡೆವು: ಕೊಡಗಿನ ದಕ್ಷಿಣದ ತುದಿಯ ಕುಟ್ಟ. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಬ್ರಹ್ಮಗಿರಿ ಬೆಟ್ಟ ಮತ್ತು ಇರ್ಪು ಜಲಪಾತ, ಎದುರಿಗೆ ಕೇರಳದ ತೋಲ್ಪೆಟ್ಟಿ, ನಡುವೆ ಕಾಫಿ ತೋಟಗಳು. ಕನ್ನಡ, ಕೊಡವ, ಮಲಯಾಳ, ತಮಿಳು, ಜೇನು ಕುರುಬರ ನುಡಿ, ಎರವರ ನುಡಿ, ಇಷ್ಟೂ ಒಂದೇ ಸಂತೆಯಲ್ಲಿ ಕೇಳುವ ಜಾಗ. ಪದಗಳು ಗಡಿ ದಾಟೋದನ್ನ ನೋಡೋಕೆ ಇದಕ್ಕಿಂತ ಒಳ್ಳೆ ಊರು ಸಿಗಲಿಲ್ಲ.

ಗೇಟಿನಲ್ಲಿ ನಿಂತ ರಾಜ

ಗಡಿ ಅಂದಮೇಲೆ ಮೊದಲು ಸಿಗೋದು ಚೆಕ್‌ಪೋಸ್ಟ್. 'ಚೆಕ್' ಅಂದರೆ ಪರೀಕ್ಷೆ ಮಾಡೋದು ಅಂತ ನಾವು ಅಂದುಕೊಂಡಿದ್ದೀವಿ. ಅದರ ನಿಜವಾದ ಅರ್ಥ 'ರಾಜ'.

ನಮ್ಮ ದೇಶದ ಚತುರಂಗ ಪರ್ಷಿಯಾಕ್ಕೆ ಹೋಯಿತು. ಅಲ್ಲಿ ಎದುರಾಳಿಯ ರಾಜನಿಗೆ ಅಪಾಯ ಬಂದಾಗ 'ಶಾಹ್!' ಅಂತ ಎಚ್ಚರಿಸೋ ರೂಢಿ ಇತ್ತು. ಶಾಹ್ ಅಂದರೆ ರಾಜ. ಆಟ ಅರಬರ ಕೈಗೆ ಹೋಗಿ, ಅಲ್ಲಿಂದ ಯುರೋಪಿಗೆ ದಾಟುವ ಹೊತ್ತಿಗೆ ಶಾಹ್ ಹಳೆಯ ಫ್ರೆಂಚಿನಲ್ಲಿ 'ಎಶೆಕ್' ಆಗಿ, ಇಂಗ್ಲಿಷಿನಲ್ಲಿ 'ಚೆಕ್' ಆಯಿತು. ರಾಜನಿಗೆ ಚೆಕ್ ಬಿದ್ದರೆ ಮೊದಲು ಆ ಅಪಾಯ ತಪ್ಪಿಸಲೇಬೇಕು, ಅದನ್ನ ತಪ್ಪಿಸದ ಯಾವ ನಡೆಯನ್ನೂ ಆಡೋ ಹಾಗಿಲ್ಲ. ಹಾಗಾಗಿ ಚೆಕ್ ಅಂದರೆ 'ತಡೆ'. ತಡೆದು ನೋಡೋದರಿಂದ 'ಪರೀಕ್ಷೆ'. ಬ್ಯಾಂಕಿನ ಚೆಕ್ಕೂ ಇದರ ಮೊಮ್ಮಗುವೇ. ಚತುರಂಗದ ರಾಜ ಭಾರತದಿಂದ ಹೊರಟು, ಪರ್ಷಿಯಾ, ಅರೇಬಿಯಾ, ಫ್ರಾನ್ಸ್, ಇಂಗ್ಲೆಂಡ್ ಸುತ್ತಿಕೊಂಡು ಬಂದು ಈಗ ಕುಟ್ಟದ ಗೇಟಿನಲ್ಲಿ ತರಕಾರಿ ಲಾರಿ ನಿಲ್ಲಿಸ್ತಾ ಇದ್ದಾನೆ.

ಇದೇ ದಾರಿಯ ಇನ್ನೊಬ್ಬ ಪ್ರಯಾಣಿಕ 'ದಿವಾನ'. ಪರ್ಷಿಯನ್‌ನಲ್ಲಿ ದಿವಾನ್ ಅಂದರೆ ಲೆಕ್ಕದ ದಫ್ತರ, ಆಮೇಲೆ ಆ ದಫ್ತರ ಇಡುವ ಕಚೇರಿ. ಕಚೇರಿಯಿಂದ ಕಚೇರಿಯ ಮುಖ್ಯಸ್ಥನಿಗೆ ಹೆಸರು ಹತ್ತಿತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿಗೆ ದಿವಾನರು. ಅದೇ ಕಚೇರಿಯಲ್ಲಿ ಕೂರೋಕೆ ಹಾಕಿದ್ದ ಮೆತ್ತೆಯ ಆಸನಕ್ಕೂ ಅದೇ ಹೆಸರು ಹತ್ತಿ, ಇವತ್ತು ಫರ್ನಿಚರ್ ಅಂಗಡಿಯಲ್ಲಿ 'ದಿವಾನ್ ಕಾಟ್' ಆಗಿ ಮಾರಾಟಕ್ಕಿದೆ. ಫ್ರೆಂಚರ ಸುಂಕದ ಕಟ್ಟೆಗೆ 'ದುಆನ್' ಅಂತಾರೆ, ಅದೂ ದಿವಾನನೇ. ಲೆಕ್ಕದ ಪುಸ್ತಕ, ಮಂತ್ರಿ, ಮಂಚ, ಚೆಕ್‌ಪೋಸ್ಟ್: ಒಂದು ಪದಕ್ಕೆ ನಾಲ್ಕು ಜನ್ಮ.

ಲಾಯದ ಇಬ್ಬರು

ಗೇಟಿನಲ್ಲಿ ಕಾನ್‌ಸ್ಟೇಬಲ್ ಇರ್ತಾರೆ. ಪೊಲೀಸ್ ಇಲಾಖೆಯ ಏಣಿಯಲ್ಲಿ ಅದು ಕೆಳಗಿನ ಮೆಟ್ಟಿಲು. ಮೂಲದಲ್ಲಿ ಹಾಗಿರಲಿಲ್ಲ. ಲ್ಯಾಟಿನ್‌ನ 'ಕೋಮೆಸ್ ಸ್ಟಾಬುಲಿ' ಅಂದರೆ ಕುದುರೆ ಲಾಯದ ಅಧಿಪತಿ. ರಾಜನ ಕುದುರೆಗಳು ಅಂದರೆ ರಾಜನ ಸೈನ್ಯದ ಜೀವ. ಅದನ್ನ ನೋಡಿಕೊಳ್ಳುವವನು ನಂಬಿಕೆಯ ಮನುಷ್ಯನಾಗಿರಬೇಕು. ಹೀಗಾಗಿ ಆ ಹುದ್ದೆ ಬೆಳೆಯುತ್ತಾ ಹೋಗಿ, ಮಧ್ಯಯುಗದ ಫ್ರಾನ್ಸಿನಲ್ಲಿ ಕಾನ್‌ಸ್ಟೇಬಲ್ ಅಂದರೆ ಇಡೀ ಸೇನೆಯ ಮುಖ್ಯಸ್ಥ. ಇಂಗ್ಲೆಂಡಿನಲ್ಲಿ ಅದು ಕೋಟೆ ಕಾಯುವವನಿಗೆ, ಆಮೇಲೆ ಊರು ಕಾಯುವವನಿಗೆ ಇಳಿಯಿತು. ಪೊಲೀಸ್ ವ್ಯವಸ್ಥೆ ಬಂದಾಗ ಬೀಟ್ ಹೊಡೆಯುವ ಪೇದೆಯ ಹೆಸರಾಯಿತು.

ಅದೇ ಲಾಯದಲ್ಲಿ ಇನ್ನೊಬ್ಬ ಇದ್ದ. ಹಳೆಯ ಜರ್ಮಾನಿಕ್ ಭಾಷೆಯಲ್ಲಿ 'ಮರಹ್' ಅಂದರೆ ಕುದುರೆ, 'ಸ್ಕಾಲ್ಕ್' ಅಂದರೆ ಆಳು. ಎರಡೂ ಸೇರಿ ಕುದುರೆ ತಿಕ್ಕುವ ಆಳು. ಆ ಪದ ಬೆಳೆದು 'ಮಾರ್ಷಲ್' ಆಯಿತು. ಲಾಯದಲ್ಲಿ ಕಾನ್‌ಸ್ಟೇಬಲ್‌ನ ಕೈಕೆಳಗೆ ಇದ್ದವನು ಮಾರ್ಷಲ್. ಇವತ್ತು ಏಣಿ ತಿರುಗಿ ನಿಂತಿದೆ.

ಎಷ್ಟು ತಿರುಗಿದೆ ಅನ್ನೋದಕ್ಕೆ ಕೊಡಗಿಗಿಂತ ಒಳ್ಳೆ ಉದಾಹರಣೆ ಬೇಡ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು ಕೊಡಗಿನ ಕೆ.ಎಂ. ಕಾರ್ಯಪ್ಪನವರು. ಆ ದಿನವನ್ನೇ ನಾವು ಸೇನಾ ದಿನ ಅಂತ ಆಚರಿಸ್ತೀವಿ. 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. ಸೇನೆಯಲ್ಲಿ ಅದಕ್ಕಿಂತ ಮೇಲೆ ಪದವಿ ಇಲ್ಲ. ಕುದುರೆ ತಿಕ್ಕುವವನ ಹೆಸರು ಅಷ್ಟು ಎತ್ತರಕ್ಕೆ ಹೋಯಿತು.

ಇನ್ನು ಕೊಡಗಿನ ಮನೆಗಳಲ್ಲಿ ಹೆಚ್ಚು ಕೇಳುವ ಸೇನೆಯ ಪದವಿ 'ಸುಬೇದಾರ್'. ಅಕ್ಬರ್ 1580ರಲ್ಲಿ ತನ್ನ ರಾಜ್ಯವನ್ನ 'ಸುಬಾ'ಗಳಾಗಿ ಹಂಚಿದ. ಒಂದೊಂದು ಸುಬಾ ಇವತ್ತಿನ ಒಂದು ರಾಜ್ಯದಷ್ಟು ದೊಡ್ಡದು, ಅದನ್ನ ಆಳುವವನು ಸುಬೇದಾರ. ಬ್ರಿಟಿಷರ ಕಾಲದ ಕೊಡಗಿನಲ್ಲಿ ತಾಲ್ಲೂಕಿನ ಅಧಿಕಾರಿಗೆ ಸುಬೇದಾರ ಅಂತಿದ್ದರು, ಅವರ ಕೆಳಗೆ ನಾಡುಗಳಿಗೆ ಪಾರುಪತ್ತೆಗಾರರು. ಅಂದರೆ ಇವತ್ತಿನ ತಹಸೀಲ್ದಾರರ ಜಾಗ. ಸೇನೆಯಲ್ಲಿ ಅದು ಕಿರಿಯ ಅಧಿಕಾರಿಯ ಪದವಿ. ಪ್ರಾಂತ್ಯದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ತುಕಡಿಗೆ.

ಒಂದು ವಿಷಯ ಗಮನಿಸಿ. ಇಷ್ಟು ಪದವಿಗಳ ನಡುವೆ ಕಾರ್ಯಪ್ಪ, ತಿಮ್ಮಯ್ಯ ಎಂಬ ಹೆಸರುಗಳ ಕೊನೆಯ 'ಅಪ್ಪ', 'ಅಯ್ಯ' ಮಾತ್ರ ಮನೆಯವು. ತಂದೆ, ಹಿರಿಯ. ಇಂಗ್ಲಿಷಿನ 'ಸರ್' ಕೂಡ 'ಸೀನಿಯರ್' ಎಂಬುದರ ಮೊಟಕು ರೂಪ, ಅಂದರೆ ವಯಸ್ಸಿನಲ್ಲಿ ದೊಡ್ಡವರು. ಅರಬ್ಬಿಯ 'ಶೇಖ್' ಅಂದರೂ ಮುದುಕರು ಅಂತಲೇ. ನಮ್ಮ ಕಾಲೇಜಿನ ಸೀನಿಯರ್‌ಗಳು ಯಾಕೆ ಸರ್ ಅನ್ನಿಸಿಕೊಳ್ಳೋಕೆ ಆಸೆಪಡ್ತಾರೆ ಅಂತ ಈಗ ಅರ್ಥ ಆಯ್ತಲ್ಲ!

ಮಹಾಮಾತ್ರ ಆನೆ ಹತ್ತಿದ

ನಾಗರಹೊಳೆ ಕಾಡಿನ ಅಂಚಿನಲ್ಲಿ ತಿತಿಮತಿ ಹತ್ತಿರ ಮತ್ತಿಗೋಡು ಆನೆ ಶಿಬಿರ ಇದೆ. ಮೈಸೂರು ದಸರಾಕ್ಕೆ ಹೋಗುವ ಆನೆಗಳಲ್ಲಿ ಕೆಲವು ಅಲ್ಲಿಂದ ಹೋಗ್ತವೆ. ಆನೆ ಜೊತೆ ಮಾವುತ ಇರಲೇಬೇಕು. ಅವರಲ್ಲಿ ಬಹಳಷ್ಟು ಮಂದಿ ಜೇನು ಕುರುಬರು. ಚಿನ್ನದ ಅಂಬಾರಿ ಹೊತ್ತ ಆನೆಯ ಫೋಟೋ ಎಲ್ಲ ಪತ್ರಿಕೆಯಲ್ಲೂ ಬರುತ್ತೆ, ಮಾವುತನ ಹೆಸರು ನೆನಪಿಡುವವರು ಕಡಿಮೆ.

'ಮಾವುತ' ಪದ ಹುಟ್ಟಿದ್ದು ಸಂಸ್ಕೃತದ 'ಮಹಾಮಾತ್ರ'ದಿಂದ. ಮಾತ್ರ ಅಂದರೆ ಅಳತೆ, ಮಹಾಮಾತ್ರ ಅಂದರೆ ದೊಡ್ಡ ಅಳತೆಯ ಮನುಷ್ಯ, ಹಿರಿಯ ಅಧಿಕಾರಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಶೋಕ ಆಡಳಿತ ನಡೆಸಿದ್ದು ಇಂಥ ಮಹಾಮಾತ್ರರ ಮೂಲಕ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇರುವ ಅಶೋಕನ ಶಾಸನದಲ್ಲೇ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಸಂದೇಶ ಇದೆ. ಕುಟ್ಟದ ಪಕ್ಕದ ಬ್ರಹ್ಮಗಿರಿ ಬೇರೆ, ಇದು ಬೇರೆ, ಹೆಸರಷ್ಟೇ ಒಂದು. 1892ರಲ್ಲಿ ಆ ಶಾಸನವನ್ನ ಬೆಳಕಿಗೆ ತಂದವರು ಬಿ.ಎಲ್. ರೈಸ್. 1886ರಲ್ಲಿ ಕೊಡಗಿನ ಶಾಸನಗಳನ್ನ ಅಚ್ಚು ಹಾಕಿಸಿದವರೂ ಅವರೇ.

ಸಂಸ್ಕೃತದಲ್ಲೇ ಮಹಾಮಾತ್ರ ಪದಕ್ಕೆ ದೊಡ್ಡ ಅಧಿಕಾರಿ, ಆನೆ ನಡೆಸುವವನು ಎಂಬ ಎರಡೂ ಅರ್ಥ ಇದ್ದವು. ಆನೆ ಪಡೆ ಅಂದರೆ ಆ ಕಾಲದ ರಾಜ್ಯದ ದೊಡ್ಡ ಆಸ್ತಿ ಅಂತ ನೆನಪಿಟ್ಟುಕೊಂಡರೆ ಇದು ವಿಚಿತ್ರ ಅನ್ನಿಸಲ್ಲ. ರಾಜ್ಯಗಳು ಹೋದವು, ಮೊದಲ ಅರ್ಥ ಅವುಗಳ ಜೊತೆ ಹೋಯಿತು. ಎರಡನೆಯ ಅರ್ಥ ಆನೆಯ ಬೆನ್ನ ಮೇಲೆ ಉಳಿಯಿತು. ಕುದುರೆ ಆಳು ಮಾರ್ಷಲ್ ಆದ, ಮಹಾಮಾತ್ರ ಮಾವುತನಾದ. ಕೆಲಸ ಎರಡೂ ಕಡೆ ಪ್ರಾಣಿ ಪಳಗಿಸೋದೇ. ಹೆಸರಿನ ಬೆಲೆ ನಿರ್ಧಾರ ಆದದ್ದು ಆ ಜಾಗದಲ್ಲಿ ಮುಂದೆ ಯಾರು ಕೂತರು ಎಂಬುದರ ಮೇಲೆ.

ತೋಟದ ಒಳಗೆ

ಈಗ ಕಾಫಿ ತೋಟಕ್ಕೆ ಬನ್ನಿ. ತೋಟದಲ್ಲಿ ಮೇಸ್ತ್ರಿ ಇರ್ತಾರೆ, ಅವರ ಮೇಲೆ ರೈಟರ್. ಈ 'ರೈಟರ್' ಕಥೆ ಕವಿತೆ ಬರೆಯುವವರಲ್ಲ. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವವರು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಹೊಸದಾಗಿ ಸೇರಿದ ಹುಡುಗರ ಪದವಿ 'ರೈಟರ್' ಅಂತಲೇ ಇತ್ತು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಅವರಿಗಾಗಿ ಕಟ್ಟಿದ್ದು. ಕಂಪನಿ ಮುಳುಗಿ ಒಂದೂವರೆ ಶತಮಾನ ಆಯಿತು, ಅದರ ಕೆಳದರ್ಜೆಯ ಪದವಿ ನಮ್ಮ ತೋಟಗಳಲ್ಲೂ ಪೊಲೀಸ್ ಠಾಣೆಗಳಲ್ಲೂ ಇನ್ನೂ ಕೆಲಸ ಮಾಡ್ತಾ ಇದೆ.

ಕೆಲಸಗಾರರು ಇರೋದು 'ಲೈನ್ ಮನೆ'ಗಳಲ್ಲಿ. ಒಂದೇ ಸಾಲಿನಲ್ಲಿ, ಒಂದೇ ಗೋಡೆ ಹಂಚಿಕೊಂಡ ಕೋಣೆಗಳು. ದಂಡಿನ ಪ್ರದೇಶದಲ್ಲಿ ಸಿಪಾಯಿಗಳ ವಸತಿಗೆ ಬ್ರಿಟಿಷರು 'ಲೈನ್ಸ್' ಅಂತಿದ್ದರು. ಬಿಳಿ ಪ್ಲಾಂಟರುಗಳು ತೋಟ ಮಾಡುವಾಗ ಆ ಪದವನ್ನೂ ಆ ನಕ್ಷೆಯನ್ನೂ ಒಟ್ಟಿಗೇ ತಂದರು. ಸಿವಿಲ್ ಬ್ರಾಂಚಿನ ಗೆಳೆಯರಿಗೆ ಇದು ಗೊತ್ತಿರಲಿ: ಹೆಸರು ಎಲ್ಲಿಂದ ಬಂತು ಅಂತ ಹುಡುಕಿದರೆ ಕೆಲವು ಸಲ ಪ್ಲಾನ್ ಎಲ್ಲಿಂದ ಬಂತು ಅನ್ನೋದೂ ಸಿಗುತ್ತೆ.

ಇನ್ನು 'ಕೂಲಿ'. ಕನ್ನಡದಲ್ಲೂ ತಮಿಳಿನಲ್ಲೂ ಕೂಲಿ ಅಂದರೆ ದುಡಿಮೆಗೆ ಕೊಡುವ ಹಣ. ದುಡಿಯುವವರು 'ಕೂಲಿಯಾಳು', 'ಕೂಲಿಯವರು'. ಯುರೋಪಿನವರ ಬಾಯಲ್ಲಿ ಹಣ ಮಾಯವಾಗಿ ಮನುಷ್ಯನೇ 'ಕೂಲಿ'ಯಾದ. ಗುಜರಾತಿನ 'ಕೋಳಿ' ಸಮುದಾಯದ ಹೆಸರೂ ಈ ಪದದೊಳಗೆ ಬೆರೆತಿದೆ ಎನ್ನುವ ವಿದ್ವಾಂಸರಿದ್ದಾರೆ. ಹಡಗು ಹತ್ತಿಸಿ ಫಿಜಿ, ಮಾರಿಷಸ್, ದಕ್ಷಿಣ ಆಫ್ರಿಕಾಕ್ಕೆ ಕಳಿಸಿದ ಲಕ್ಷಾಂತರ ಜನರ ಮೇಲೆ ಆ ಹೆಸರು ಅಂಟಿತು. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರನ್ನೂ 'ಕೂಲಿ ಬ್ಯಾರಿಸ್ಟರ್' ಅಂತ ಕರೆದರು. ಅಲ್ಲಿ ಅದು ಇವತ್ತಿಗೂ ಬೈಗುಳ. ನಮ್ಮಲ್ಲಿ 'ಕೂಲಿ ಕೊಡಿ' ಅಂದರೆ ಹಕ್ಕು ಕೇಳಿದ ಹಾಗೆ. 'ಏ ಕೂಲಿ' ಅಂದರೆ ಅವಮಾನ. ಪದ ಒಂದೇ, ಯಾರ ಬಾಯಿಂದ ಬಂತು ಅನ್ನೋದಷ್ಟೇ ವ್ಯತ್ಯಾಸ.

ಪತಂಗದ ಕಥೆ ನಂಬುವ ಮುನ್ನ

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಕಥೆಗಳನ್ನ ವಾಟ್ಸಾಪಿನಲ್ಲಿ ದಿನಾ ಓದ್ತೀವಿ. ನಿಜ ಯಾವುದು, ಕಟ್ಟುಕಥೆ ಯಾವುದು ಅಂತ ಹೇಗೆ ತಿಳಿಯೋದು?

ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಗೊತ್ತಿರುವ ಕಥೆಯನ್ನೇ ತಗೊಳ್ಳಿ. ಪ್ರೋಗ್ರಾಮಿನ ತಪ್ಪಿಗೆ 'ಬಗ್' ಅಂತ ಹೆಸರು ಬಂದಿದ್ದು 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದೊಳಗೆ ಒಂದು ಪತಂಗ ಸಿಕ್ಕಿಬಿದ್ದಾಗ ಅಂತ. ಪತಂಗ ಸಿಕ್ಕಿದ್ದು ನಿಜ. ಅದನ್ನ ಲಾಗ್ ಪುಸ್ತಕಕ್ಕೆ ಅಂಟಿಸಿದ್ದೂ ನಿಜ. ಆದರೆ ಅದರ ಪಕ್ಕ ಬರೆದಿರೋದು ಏನು ಗೊತ್ತಾ? ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಅನ್ನೋ ಅರ್ಥದ ತಮಾಷೆ ಮಾತು. ಆ ಪದ ಮೊದಲೇ ಬಳಕೆಯಲ್ಲಿ ಇಲ್ಲದಿದ್ದರೆ ಆ ತಮಾಷೆಯೇ ಹುಟ್ಟುತ್ತಿರಲಿಲ್ಲ. ಥಾಮಸ್ ಎಡಿಸನ್ 1878ರಲ್ಲೇ ತನ್ನ ಪತ್ರದಲ್ಲಿ ಯಂತ್ರದ ತೊಂದರೆಗಳಿಗೆ ಬಗ್ ಎಂಬ ಮಾತನ್ನ ಬಳಸಿದ್ದ. ಪತಂಗ ಬಂದದ್ದು 69 ವರ್ಷ ತಡವಾಗಿ!

ಹಾಗಾಗಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಕಥೆ ಹೇಳುವ ಕಾಲಕ್ಕಿಂತ ಹಿಂದೆ ಆ ಪದ ಬರಹದಲ್ಲಿ ಇತ್ತಾ? ಎರಡು, ಧ್ವನಿ ಬದಲಾದ ರೀತಿ ಬೇರೆ ಪದಗಳಲ್ಲೂ ಕಾಣುತ್ತಾ, ಅಥವಾ ಈ ಒಂದಕ್ಕೆ ಮಾತ್ರ ಹೊಂದಿಸಿದ್ದಾ? ಮೂರು, ಕಥೆ ಅತಿಯಾಗಿ ಚೆನ್ನಾಗಿದೆಯಾ? ಅತಿ ಚೆನ್ನಾದ ಕಥೆ ಮೇಲೆ ಅನುಮಾನ ಇರಲಿ.

ಆದರೆ ಚರಿತ್ರೆ ಅಲ್ಲದ ಕಥೆಯೆಲ್ಲ ಸುಳ್ಳು ಅಂತ ಬಿಸಾಡಬೇಡಿ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನ ಹಿಂದೆ ಹಾಕೋದು ಯಾಕೆ ಅಂತ ಕೇಳಿದರೆ ಕಾವೇರಿ ಕಥೆ ಹೇಳ್ತಾರೆ. ಅಗಸ್ತ್ಯನನ್ನ ಬಿಟ್ಟು ನದಿಯಾಗಿ ಹರಿದ ಕಾವೇರಿಯನ್ನ ಬಲಮುರಿಯಲ್ಲಿ ಜನ ತಡೆಯೋಕೆ ನಿಂತರಂತೆ. ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತಂತೆ. ಗದ್ದೆ, ಬೆಟ್ಟ ಹತ್ತಿ ಇಳಿಯೋಕೆ ಮುಂದೆ ನೆರಿಗೆ ಇಲ್ಲದಿದ್ದರೆ ಅನುಕೂಲ ಅಂತ ಇನ್ನೊಂದು ವಿವರಣೆ. ಎರಡನೆಯದು ಬಟ್ಟೆಯ ಲೆಕ್ಕ ಹೇಳುತ್ತೆ. ಮೊದಲನೆಯದು ಈ ಜನ ತಮ್ಮನ್ನ ಯಾರ ಮಕ್ಕಳು ಅಂದುಕೊಂಡಿದ್ದಾರೆ ಅಂತ ಹೇಳುತ್ತೆ. ಎರಡೂ ಬೇಕು, ಒಂದರ ಜಾಗದಲ್ಲಿ ಇನ್ನೊಂದನ್ನ ಇಡಬಾರದು ಅಷ್ಟೇ.

ಪಾದದ ಕೆಳಗಿನ ಹೆಸರು

ಇಷ್ಟು ಹೊತ್ತು ನಗುನಗುತ್ತಾ ಬಂದೆವು. ಇನ್ನು ಮುಂದಿನ ಪದಗಳಿಗೆ ನಗೋಕೆ ಆಗಲ್ಲ.

ಕುಟ್ಟದ ಸುತ್ತಲಿನ ತೋಟಗಳಲ್ಲಿ, ಹಾಡಿಗಳಲ್ಲಿ ಇರುವ ಒಂದು ಸಮುದಾಯವನ್ನ ಕೊಡಗಿನಲ್ಲಿ 'ಎರವರು' ಅಂತಾರೆ. ಗಡಿ ದಾಟಿ ವಯನಾಡಿಗೆ ಹೋದರೆ ಅದೇ ಜನರಲ್ಲಿ ಕೆಲವರು 'ಅಡಿಯರು', ಇನ್ನು ಕೆಲವರು 'ಪಣಿಯರು'. ಕೊಡಗಿನ ಪಂಜಿರಿ ಎರವರೇ ಅಲ್ಲಿನ ಅಡಿಯರು, ಪಣಿ ಎರವರೇ ಅಲ್ಲಿನ ಪಣಿಯರು. ಚೆಕ್‌ಪೋಸ್ಟಿನ ಈ ಕಡೆ ಒಂದು ಹೆಸರು, ಆ ಕಡೆ ಇನ್ನೊಂದು.

'ಪಣಿಯ' ಪದದ ಮೂಲ ಮಲಯಾಳದ 'ಪಣಿ', ಅಂದರೆ ಕೆಲಸ. ಕೆಲಸದವನು ಅಂತ. 'ಎರವ' ಹೆಸರಿಗೆ 'ಎರವಲು' ಪದವನ್ನ ಜೋಡಿಸಿ, ಒಡೆಯರು ಒಬ್ಬರಿಂದ ಒಬ್ಬರು ಕಡ ತಂದು ದುಡಿಸಿಕೊಂಡ ಜನ ಅಂತ ಅರ್ಥ ಹೇಳುವ ರೂಢಿ ಇದೆ. ಮೇಲಿನ ಮೂರು ಪ್ರಶ್ನೆಗಳನ್ನ ಈ ವಿವರಣೆಗೂ ಹಾಕಿ. ಬರೀ ಧ್ವನಿ ಹೋಲಿಕೆ ಪುರಾವೆ ಆಗಲ್ಲ. ಆದರೆ ಜನರ ಬಾಯಿಗೆ ಇಂಥ ಅರ್ಥವೇ ಹೊಳೆಯಿತು ಅನ್ನೋದು, ಅವರ ಬದುಕು ಹೇಗಿತ್ತು ಅನ್ನೋದಕ್ಕೆ ಸಾಕ್ಷಿ.

'ಅಡಿಯ' ಮಾತ್ರ ಸ್ಪಷ್ಟ. ಅಡಿ ಅಂದರೆ ಪಾದ. 12 ಇಂಚಿಗೆ ಒಂದು ಅಡಿ ಅಂತ ನಾವು ಸೈಟಿನಲ್ಲಿ ಟೇಪ್ ಹಿಡಿದು ಅಳೀತೀವಲ್ಲ, ಅದೇ ಅಡಿ. ಪಾದದ ಬಳಿ ಇರುವವನು, ಜೀತದಾಳು. ಇದು ಆ ಜನ ತಾವೇ ಇಟ್ಟುಕೊಂಡ ಹೆಸರಲ್ಲ. ಅವರು ತಮ್ಮನ್ನ ಕರೆದುಕೊಳ್ಳೋದು 'ರಾವುಳ' ಅಂತ. ಅವರ ನುಡಿಯ ಹೆಸರೂ ರಾವುಳ.

ಈಗ ಅದೇ ಪಾದದ ಇನ್ನೊಂದು ಪ್ರಯಾಣ ನೋಡಿ. ತಮಿಳಿನ 'ಶಿಲಪ್ಪದಿಕಾರಂ' ಬರೆದ ಕವಿಗೆ ಇಳಂಗೋ ಅಡಿಗಳ್ ಅಂತಾರೆ. 'ಅಡಿಗಳ್' ಅಂದರೆ ಪಾದಗಳು, ಅಂದರೆ ಪೂಜ್ಯರು. ನಮ್ಮಲ್ಲೂ ಪೂಜ್ಯಪಾದರು, ಶ್ರೀಪಾದರಾಜರು ಇದ್ದಾರೆ. ಅಲ್ಲೂ ಪಾದವೇ ಗೌರವ. ಮೇಲುಕೋಟೆಯ ಶ್ರೀವೈಷ್ಣವರು ಹಿರಿಯರ ಮುಂದೆ 'ನಾನು' ಅನ್ನುವ ಬದಲು 'ಅಡಿಯೇನ್' ಅಂತಾರೆ, ನಿಮ್ಮ ಅಡಿಯಾಳು ಎಂಬ ಅರ್ಥದಲ್ಲಿ. ಒಬ್ಬರು ದೇವರ ಮುಂದೆ, ಗುರುವಿನ ಮುಂದೆ ತಾವಾಗಿ ಅಡಿಯಾಳು ಅಂದುಕೊಂಡರು, ಅದು ವಿನಯ ಆಯಿತು. ಇನ್ನೊಬ್ಬರಿಗೆ ಭೂಮಾಲೀಕ ಅಡಿಯಾಳು ಅಂದ, ಅದು ಜಾತಿ ಆಯಿತು.

'ಪಣಿ'ಗೂ ಇದೇ ಕಥೆ. ಅದೇ ಬೇರಿನಿಂದ ಕೇರಳದಲ್ಲಿ 'ಪಣಿಕ್ಕರ್' ಎಂಬ ಗೌರವದ ಬಿರುದು ಹುಟ್ಟಿತು. ಕಳರಿ ಕಲಿಸುವ ಗುರುಗಳಿಗೆ ಸಂದ ಬಿರುದು ಅದು. ಕೊನೆಯ 'ಅರ್' ಗಮನಿಸಿ. ಅವನು–ಅವರು, ನೀನು–ನೀವು: ನಮ್ಮ ಭಾಷೆಗಳಲ್ಲಿ ಬಹುವಚನವೇ ಮರ್ಯಾದೆ. ಕೆಲಸ ಮಾಡುವ ಒಬ್ಬರಿಗೆ ಬಹುವಚನ ಸಿಕ್ಕಿತು, ಇನ್ನೊಬ್ಬರಿಗೆ ಏಕವಚನ.

ಇದು ಬರೀ ವ್ಯಾಕರಣದ ಮಾತಲ್ಲ. ವಯನಾಡಿನ ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವು ಭಗವತಿಯ ಜಾತ್ರೆಯಲ್ಲಿ, ಭೂಮಾಲೀಕರು ಸ್ವಲ್ಪ ಮುಂಗಡ ಕೊಟ್ಟು ಪಣಿಯರನ್ನ, ಅಡಿಯರನ್ನ ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ದೇವಿಯ ಎದುರಿಗೆ ಆದ ಒಪ್ಪಂದ ಅಂತ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂತ 1843ರಲ್ಲೇ ಕಾಯ್ದೆ ಆಗಿತ್ತು. ಆದರೂ ಈ ಪದ್ಧತಿ 20ನೇ ಶತಮಾನ ಅರ್ಧ ದಾಟಿದ ಮೇಲೂ ಉಳಿದಿತ್ತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಿದ್ದು 1976ರಲ್ಲಿ.

ಜೀತ ರದ್ದಾಯಿತು, ಹೆಸರು ಆಗಲಿಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿ ತೆಗೆದು ನೋಡಿ. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಮೊದಲ ಹೆಸರೇ 'ಅಡಿಯನ್'. ಕೇರಳದ ಪಟ್ಟಿಯಲ್ಲೂ ಅದೇ ಮೊದಲು. ಹಾಸ್ಟೆಲ್ ಸೀಟಿಗೆ, ಸ್ಕಾಲರ್‌ಶಿಪ್‌ಗೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜಮೀನಿನ ಅರ್ಜಿಗೆ ಪಟ್ಟಿಯಲ್ಲಿರುವ ಹೆಸರೇ ಬೇಕು. ಅಜ್ಜನನ್ನ ಆಳು ಅಂತ ಕರೆದ ಪದವನ್ನ ಮೊಮ್ಮಗಳು ತನ್ನ ಹಕ್ಕಿಗಾಗಿ ಫಾರಂನಲ್ಲಿ ತುಂಬಬೇಕು. ಹೆಸರು ಬೇಡ ಅಂತ ಸುಮ್ಮನೆ ಅಳಿಸಿಬಿಡೋಕೂ ಆಗಲ್ಲ, ಅಳಿಸಿದರೆ ಹಕ್ಕೇ ಹೋಗುತ್ತೆ.

ಬೈಯೋಕೆ ಒಂದು ದಿನ

ಹೀಗೆ ವರ್ಷವೆಲ್ಲ ಬೇರೆಯವರು ಕೊಟ್ಟ ಹೆಸರು ಹೊತ್ತವರಿಗೆ, ತಾವೇ ಬೇರೆಯವರಿಗೆ ಹೆಸರಿಡುವ ಒಂದು ದಿನ ಇದೆ. ಮೇ ತಿಂಗಳಿನಲ್ಲಿ ತಿತಿಮತಿ ಪಕ್ಕದ ದೇವರಪುರದಲ್ಲಿ ನಡೆಯುವ 'ಕುಂಡೆ ಹಬ್ಬ'. ಜೇನು ಕುರುಬರು, ಎರವರು ಮೊದಲಾದವರು ಹೆಣ್ಣು ವೇಷ, ಚಿತ್ರವಿಚಿತ್ರ ವೇಷ ಹಾಕಿ, ಡಬ್ಬ ಬಡಿಯುತ್ತಾ, ರಸ್ತೆಯಲ್ಲಿ ಸಿಕ್ಕವರನ್ನೆಲ್ಲ ಬೈಯುತ್ತಾ ಕಾಸು ಕೇಳ್ತಾರೆ. ತೋಟದ ಮಾಲೀಕರು, ಅಧಿಕಾರಿಗಳು ಅಂತ ಭೇದ ಇಲ್ಲ. ದೇವರಿಗೂ ಬೈಗುಳ ತಪ್ಪಿದ್ದಲ್ಲ.

ಕಾರಣ ಕೇಳಿದರೆ ಕಥೆ ಹೀಗಿದೆ. ಬೇಟೆಗೆ ಅಂತ ಈ ಜನರನ್ನ ಕಾಡಿಗೆ ಕರಕೊಂಡು ಹೋದ ಅಯ್ಯಪ್ಪ, ದಾರಿಯಲ್ಲಿ ಭದ್ರಕಾಳಿಯನ್ನ ಕಂಡು ಮೋಹಗೊಂಡು ಇವರನ್ನ ಅಲ್ಲೇ ಬಿಟ್ಟು ಹೋದ. ಅದಕ್ಕೇ ವರ್ಷಕ್ಕೊಮ್ಮೆ ಅವನಿಗೆ ಬೈಗುಳ. ದಿನದ ಕೊನೆಗೆ ಗುಡಿಯ ಮುಂದೆ ಕಾಣಿಕೆ ಇಟ್ಟು ತಪ್ಪಾಯಿತು ಅಂತ ಕೇಳಿಕೊಳ್ಳೋದೂ ಉಂಟು. ಹಳೆಯ ರೋಮ್‌ನಲ್ಲಿ ಸ್ಯಾಟರ್ನೇಲಿಯಾ ಎಂಬ ಹಬ್ಬದಲ್ಲಿ ಗುಲಾಮರು ಕೂತು ಉಂಡು, ಒಡೆಯರನ್ನ ಗೇಲಿ ಮಾಡುವ ಸ್ವಾತಂತ್ರ್ಯ ಇತ್ತು. ಮೇಲಿನವರಿಗೆ ಇದು ಪ್ರೆಶರ್ ಕುಕ್ಕರಿನ ಸೀಟಿ: ಒಂದು ಸಲ ಆವಿ ಹೋದರೆ ಪಾತ್ರೆ ಸಿಡಿಯಲ್ಲ. ಕೆಳಗಿನವರಿಗೆ ಅದು ನೆನಪು: ಬಾಯಿ ನಮಗೂ ಇದೆ ಅನ್ನೋದು. ಅಶ್ಲೀಲದ ಹಬ್ಬ ಅಂತ ಮೂಗು ಮುರಿಯುವವರು, ಉಳಿದ 364 ದಿನ ಯಾರು ಯಾರನ್ನ ಹೇಗೆ ಕರೀತಾರೆ ಅಂತಲೂ ಒಂದು ಸಲ ಕೇಳಿಸಿಕೊಳ್ಳಲಿ.

ಹಾಗಾದರೆ ನಾವು ಏನಂತ ಕರೆಯೋದು?

ಮಾರ್ಷಲ್ ಏರಿದ್ದಕ್ಕೂ ಮಾವುತ ಇಳಿದದ್ದಕ್ಕೂ ಪದದಲ್ಲಿ ಕಾರಣ ಇಲ್ಲ. ಕುದುರೆ ಆಳು ಕೀಳಲ್ಲ, ಮಹಾಮಾತ್ರ ಮೇಲಲ್ಲ. ಕರೆಯುವವರ ದನಿಯಲ್ಲಿ ಏನಿದೆಯೋ ಅದೇ ನೂರಾರು ವರ್ಷ ಉಜ್ಜಿ ಉಜ್ಜಿ ಪದದ ಅರ್ಥ ಆಗುತ್ತೆ. ಅಂದಮೇಲೆ ಇವತ್ತು ನಾವು ಕರೆಯುವ ರೀತಿ ನಾಳೆಯ ನಿಘಂಟಿಗೆ ಸೇರುತ್ತೆ.

ನಮ್ಮಲ್ಲಿ ಬಹಳ ಜನ ಇನ್ನೆರಡು ವರ್ಷದಲ್ಲಿ ಸೈಟಿಗೆ, ಸರ್ವೆಗೆ, ಪ್ರಾಜೆಕ್ಟಿಗೆ ಅಂತ ಹೋಗ್ತೀವಿ. 'ಎಂಜಿನಿಯರ್ ಸಾಹೇಬ್ರು' ಅಂತ ನಮ್ಮನ್ನ ಕರೀತಾರೆ. ಅರಬ್ಬಿಯಲ್ಲಿ 'ಸಾಹಿಬ್' ಅಂದರೆ ಮೊದಲಿಗೆ ಜೊತೆಗಾರ, ಒಡನಾಡಿ ಅಂತ ಅರ್ಥ. ಒಡೆಯ ಅನ್ನೋದು ಆಮೇಲೆ ಸೇರಿದ್ದು. ಮೊದಲ ಅರ್ಥವನ್ನೇ ಇಟ್ಟುಕೊಂಡು ಕೆಲಸ ಮಾಡಿದರೆ ನಷ್ಟವೇನಿಲ್ಲ.

ಹಾಡಿಗೆ ಸರ್ವೆಗೆ ಹೋದರೆ ಫಾರಂನಲ್ಲಿ ಪಟ್ಟಿಯ ಹೆಸರು ಬರೆಯಲೇಬೇಕು, ಬರೆಯಿರಿ. ಅದರ ಪಕ್ಕ ಖಾಲಿ ಜಾಗ ಇರುತ್ತಲ್ಲ, ಅಲ್ಲಿ 'ನೀವು ನಿಮ್ಮನ್ನ ಏನಂತ ಕರ್ಕೊಳ್ತೀರಿ?' ಅಂತ ಕೇಳಿ, ಅವರು ಹೇಳಿದ್ದನ್ನೂ ಬರೆದುಕೊಳ್ಳಿ. ಕೇಳುವಾಗ ಬಹುವಚನ ಬಳಸಿ. ಕನ್ನಡದಲ್ಲಿ ಅದಕ್ಕೆ ಬೇಕಾದದ್ದು ಒಂದು ಅಕ್ಷರದ ವ್ಯತ್ಯಾಸ ಮಾತ್ರ.